ಶೇಡಿ ಮಣ್ಣಿನಿಂದ ಜಿಯೋಲೈಟ್: ನೀರಿನ ಲೋಹ ಹಿಡಿಯುವ ಪುಡಿ ಮಾಡುವುದು, ಪರೀಕ್ಷಿಸುವುದು ಹೇಗೆ?

"ಮೇಡಂ, ಜೇಡಿಮಣ್ಣಿನಿಂದ ಜಿಯೋಲೈಟ್ ಮಾಡಬಹುದಂತೆ. ಅದು ನೀರಲ್ಲಿರೋ ಸೀಸ, ತಾಮ್ರ ಎಲ್ಲ ಹಿಡಿದುಕೊಳ್ಳುತ್ತಂತೆ. ನಮ್ಮ ಕಾಲೇಜ್ ಲ್ಯಾಬಲ್ಲೇ ಆಗುತ್ತಾ?" ಪ್ರಾಜೆಕ್ಟ್ ಹೊತ್ತು ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಈಗ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಆಗುತ್ತದೆ, ಖಂಡಿತ ಆಗುತ್ತದೆ. ಮಾಡುವುದು ನೀವು ಅಂದುಕೊಂಡಷ್ಟು ಕಷ್ಟವೂ ಅಲ್ಲ. ಕಷ್ಟವೆಲ್ಲ ಇರುವುದು ಆಮೇಲೆ. ಬಂದ ಪುಡಿ ನಿಜಕ್ಕೂ ಜಿಯೋಲೈಟೇ? ನೀರಿನ ಲೋಹ ಅದರೊಳಗೇ ಹೋಯಿತೇ, ಇಲ್ಲ ಬೇರೆ ದಾರಿ ಹಿಡಿಯಿತೇ? ಇದನ್ನು ಪ್ರಾಮಾಣಿಕವಾಗಿ ತಿಳಿದುಕೊಳ್ಳುವುದೇ ಕೆಲಸದ ಮುಖ್ಯ ಭಾಗ. ಅದಕ್ಕೇ ಈ ಲೇಖನದಲ್ಲಿ ಪರೀಕ್ಷೆಯ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲೇ ಎರಡು ಮಾತು. ಇದರಲ್ಲಿ ಕಾಸ್ಟಿಕ್ ಸೋಡಾ ಬಳಸುತ್ತೇವೆ. ಅದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಶಾಲಾ ಮಕ್ಕಳು ಒಬ್ಬರೇ ಮಾಡುವ ಕೆಲಸ ಇದಲ್ಲ, ಅಡುಗೆಮನೆಯ ಕೆಲಸವಂತೂ ಅಲ್ಲವೇ ಅಲ್ಲ. ಎರಡನೆಯದು, ಹೀಗೆ ಮಾಡಿದ ಪುಡಿಯಿಂದ ಶುದ್ಧಮಾಡಿದ ನೀರನ್ನು ಕುಡಿಯಬೇಡಿ, ಯಾರಿಗೂ ಕುಡಿಸಬೇಡಿ. ಕಾರಣ ಮುಂದೆ ಬರುತ್ತದೆ.

ಜಿಯೋಲೈಟ್ ಎಂದರೇನು?

1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಆಕ್ಸೆಲ್ ಕ್ರೋನ್‌ಸ್ಟೆಟ್ ಒಂದು ಬಗೆಯ ಕಲ್ಲನ್ನು ಕಾಯಿಸಿದಾಗ ಅದು ಕುದಿಯುವಂತೆ ಆವಿ ಬಿಟ್ಟಿತು. ಗ್ರೀಕ್ ಭಾಷೆಯಲ್ಲಿ "ಕುದಿಯುವ ಕಲ್ಲು" ಎಂಬ ಅರ್ಥ ಬರುವಂತೆ ಅವನು ಇಟ್ಟ ಹೆಸರೇ ಜಿಯೋಲೈಟ್. ಅಲ್ಯೂಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಕಟ್ಟಿದ ಹರಳು ಇದು. ಒಳಗೆಲ್ಲ ಒಂದೇ ಅಳತೆಯ ಗೂಡುಗಳು, ಗೂಡಿಗೆ ಒಂದೇ ಅಳತೆಯ ಕಿಂಡಿಗಳು. ಮಹಾರಾಷ್ಟ್ರದ ಪುಣೆ, ನಾಸಿಕ, ಜಳಗಾಂವ್ ಕಡೆಯ ಕಪ್ಪುಕಲ್ಲಿನ ಪೊಟರೆಗಳಲ್ಲಿ ಸಿಗುವ ಸ್ಟಿಲ್‌ಬೈಟ್, ಹ್ಯೂಲಂಡೈಟ್ ಎಂಬ ಚೆಂದದ ಹರಳುಗಳು ನಿಸರ್ಗ ತಾನೇ ಮಾಡಿದ ಜಿಯೋಲೈಟ್‌ಗಳು. ನಾವು ಮಾಡಲಿರುವುದು ನಿಸರ್ಗದಲ್ಲಿ ಈ ರೂಪದಲ್ಲಿ ಸಿಗದ, ಕಾರ್ಖಾನೆಗಳಲ್ಲಿ ಟನ್‌ಗಟ್ಟಲೆ ತಯಾರಾಗುವ ಜಿಯೋಲೈಟ್-ಎ. ಬಟ್ಟೆ ಒಗೆಯುವ ಪುಡಿಗಳಲ್ಲಿ ನೀರಿನ ಗಡಸುತನ ಕಳೆಯಲು ಹಾಕುವುದೂ ಇದನ್ನೇ.

ಲೋಹ ಹಿಡಿಯುವುದು ಹೇಗೆ? ಹರಳಿನ ಗೋಡೆಯಲ್ಲಿ ಅಲ್ಯೂಮಿನಿಯಂ ಕೂತ ಪ್ರತಿ ಜಾಗದಲ್ಲೂ ಒಂದು ಋಣ ವಿದ್ಯುದಂಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಗೂಡಿನೊಳಗೆ ಒಂದೊಂದು ಸೋಡಿಯಂ ಅಯಾನು ಸಡಿಲವಾಗಿ ಕೂತಿರುತ್ತದೆ. ಅಯಾನು ಎಂದರೆ ವಿದ್ಯುದಂಶ ಹೊತ್ತ ಪರಮಾಣು ಅಥವಾ ಪರಮಾಣುಗಳ ಗುಂಪು. ಸೀಸವಿರುವ ನೀರು ಒಳಹೊಕ್ಕಾಗ ಎರಡು ಸೋಡಿಯಂ ಎದ್ದು ಹೋಗುತ್ತವೆ, ಒಂದು ಸೀಸ ಬಂದು ಕೂರುತ್ತದೆ. ಇದಕ್ಕೆ ಅಯಾನು ವಿನಿಮಯ ಎನ್ನುತ್ತಾರೆ. ಹಾಗಾಗಿ ಜಿಯೋಲೈಟ್ ಲೋಹವನ್ನು ನಾಶ ಮಾಡುವುದಿಲ್ಲ, ನೀರಿನಿಂದ ತೆಗೆದು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಅಷ್ಟೆ. ಬದಲಿಗೆ ನೀರಿಗೆ ಸೋಡಿಯಂ ಬಿಡುತ್ತದೆ.

ಯಾವುದನ್ನು ಹಿಡಿಯುವುದಿಲ್ಲ?

ಇದನ್ನು ಮಣ್ಣು ಅಗೆಯುವ ಮೊದಲೇ ಓದಿ. ಅರ್ಧ ದಾರಿ ಹೋದಮೇಲೆ ಗೊತ್ತಾಗಿ ಪ್ರಾಜೆಕ್ಟ್ ಕೈಬಿಟ್ಟವರನ್ನು ನೋಡಿದ್ದೇನೆ.

ಜಿಯೋಲೈಟ್‌ನೊಳಗೆ ಜಾಗ ಇರುವುದು ಧನ ವಿದ್ಯುದಂಶದ ಅಯಾನುಗಳಿಗೆ ಮಾತ್ರ. ಸೀಸ, ಕ್ಯಾಡ್ಮಿಯಂ, ತಾಮ್ರ, ಸತು, ನಿಕ್ಕಲ್ ನೀರಿನಲ್ಲಿ ಸಾಮಾನ್ಯವಾಗಿ ಧನ ಅಯಾನುಗಳಾಗಿ ಇರುತ್ತವೆ, ಹಾಗಾಗಿ ಇವು ಸಿಗುತ್ತವೆ. ಸೀಸದ ಮೇಲಂತೂ ಜಿಯೋಲೈಟ್-ಎಗೆ ವಿಶೇಷ ಒಲವು. ಆದರೆ ಫ್ಲೋರೈಡ್ ಋಣ ಅಯಾನು. ಕೋಲಾರ, ಪಾವಗಡ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ತೆಗೆಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಇದರಿಂದ ಆಗುವುದಿಲ್ಲ. ರಾಯಚೂರು, ಯಾದಗಿರಿ ಭಾಗದ ಕೆಲವೆಡೆ ಕಂಡುಬಂದ ಆರ್ಸೆನಿಕ್ ಕೂಡ ನೀರಿನಲ್ಲಿ ಋಣ ಅಯಾನಾಗಿ ಇಲ್ಲವೇ ಯಾವ ವಿದ್ಯುದಂಶವೂ ಇಲ್ಲದ ರೂಪದಲ್ಲಿ ಇರುತ್ತದೆ, ಅದೂ ಸಿಗುವುದಿಲ್ಲ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಸಿಕ್ಕಿರುವ ಆರು ವೇಲೆನ್ಸಿಯ ಕ್ರೋಮಿಯಂ ಲೋಹವೇ ಹೌದು, ಆದರೆ ನೀರಿನಲ್ಲಿ ಅದು ಕ್ರೋಮೇಟ್ ಎಂಬ ಋಣ ಅಯಾನು. "ಲೋಹ" ಎಂಬ ಹೆಸರು ನೋಡಿ ಮೋಸಹೋಗಬೇಡಿ, ಅದು ನೀರಿನಲ್ಲಿ ಯಾವ ರೂಪದಲ್ಲಿದೆ ಎಂದು ನೋಡಿ.

ಯಾವ ಮಣ್ಣು?

ಎಲ್ಲ ಜೇಡಿಯೂ ಒಂದೇ ಅಲ್ಲ. ನಮಗೆ ಬೇಕಾದದ್ದು ಕೇಯೋಲಿನೈಟ್ ಎಂಬ ಖನಿಜ ಹೆಚ್ಚಿರುವ ಮಣ್ಣು. ಅದರಲ್ಲಿ ಒಂದು ಸಿಲಿಕಾನ್‌ಗೆ ಒಂದು ಅಲ್ಯೂಮಿನಿಯಂ. ಜಿಯೋಲೈಟ್-ಎದಲ್ಲೂ ಅದೇ ಲೆಕ್ಕ, ಒಂದಕ್ಕೆ ಒಂದು. ಹಾಗಾಗಿ ಹೊರಗಿನಿಂದ ಬೇರೇನೂ ಬೆರೆಸಬೇಕಿಲ್ಲ, ಸೋಡಿಯಂ ಮತ್ತು ನೀರು ಕೊಟ್ಟರೆ ಸಾಕು.

ಕರಾವಳಿಯವರಿಗೆ ಇದು ಹಿತ್ತಲಲ್ಲೇ ಇದೆ. ಮುರಕಲ್ಲಿನ ಪದರದ ಅಡಿಯಲ್ಲಿ ಬಿಳಿ, ತಿಳಿಗುಲಾಬಿ, ಹಳದಿ ಬಣ್ಣಗಳಲ್ಲಿ ಸಿಗುವ, ಮುಟ್ಟಿದರೆ ಸೋಪಿನಂತೆ ಜಾರುವ, ಮಳೆಗಾಲದಲ್ಲಿ ಗುಡ್ಡ ಕುಸಿಯಲು ಕಾರಣವಾಗುವ ಶೇಡಿ ಮಣ್ಣಿದೆಯಲ್ಲ, ಅದರಲ್ಲಿ ಕೇಯೋಲಿನೈಟ್ ಧಾರಾಳ. ಮನೆ ಕಟ್ಟಲು, ರಸ್ತೆ ಅಗಲಿಸಲು ಗುಡ್ಡ ಕಡಿದಲ್ಲಿ ಬಿಳಿ ಪಟ್ಟಿಯಾಗಿ ಎದ್ದು ಕಾಣುತ್ತದೆ. ಆದಷ್ಟು ಬಿಳಿಯದನ್ನೇ ಆರಿಸಿ, ಬಣ್ಣ ಹೆಚ್ಚಿದಷ್ಟೂ ಕಬ್ಬಿಣ ಹೆಚ್ಚು. ಕಡಿದ ಗುಡ್ಡದ ಬುಡಕ್ಕೆ ಮಳೆಗಾಲದಲ್ಲಿ ಮಾತ್ರ ಹೋಗಬೇಡಿ. ಬೇರೆ ಕಡೆಯವರು ಬಣ್ಣದ ಅಂಗಡಿಯಲ್ಲೋ ಪಿಂಗಾಣಿ ಸಾಮಾನಿನ ಅಂಗಡಿಯಲ್ಲೋ ಸಿಗುವ ಚೈನಾ ಕ್ಲೇ ತರಬಹುದು. ತಂದಮೇಲೆ ಒಂದು ಚಿಟಿಕೆಗೆ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣಕಲ್ಲಿನ ಪುಡಿ ಇದೆ, ನಮಗೆ ಬೇಡ.

ಎರೆಮಣ್ಣು ಬೇಡ. ಅದರಲ್ಲಿರುವುದು ಮಾಂಟ್‌ಮೊರಿಲ್ಲೊನೈಟ್, ಸಿಲಿಕಾನ್ ಪಾಲು ಹೆಚ್ಚು. ಅದಕ್ಕೆ ಕಾಸ್ಟಿಕ್ ಜೊತೆ ಬೆರೆಸಿ ಕುಲುಮೆಯಲ್ಲಿ ಕರಗಿಸುವ ಬೇರೆ ವಿಧಾನವಿದೆ, ಬರುವ ಜಿಯೋಲೈಟೂ ಬೇರೆ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಅದೇ ಜಾತಿಯದು. ಹಂಚಿನ ಪುಡಿ ಆಗುತ್ತದೆಯೇ ಎಂದು ಮಂಗಳೂರಿನವರು ಕೇಳುತ್ತಾರೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಊರಲ್ಲವೇ, ಕೇಳುವುದು ಸಹಜ. ಆದರೆ ಹಂಚು ಎಷ್ಟು ಬಿಸಿಯಲ್ಲಿ ಬೆಂದಿದೆ ಎಂದು ನಮಗೆ ತಿಳಿಯದು, ಮರಳೂ ಕಬ್ಬಿಣವೂ ಜಾಸ್ತಿ. ಅದರ ಮೇಲೆ ಸಮಯ ಹಾಕಬೇಡಿ.

ಬೇಕಾಗುವ ಸಾಮಾನು

ಮಣ್ಣು ಅರ್ಧ ಕಿಲೋ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಪ್ರಯೋಗಾಲಯದ ಸಾಮಾನು ಮಾರುವವರಲ್ಲಿ ಸಿಗುವ ಬಿಳಿ ಚಕ್ಕೆ ಅಥವಾ ಗುಳಿಗೆ ರೂಪದ್ದು. ಚರಂಡಿ ಪೈಪಿಗೆ ಹಾಕುವ ಪುಡಿ ಬೇಡ, ಅದರಲ್ಲಿ ಕೆಲವಕ್ಕೆ ಅಲ್ಯೂಮಿನಿಯಂ ಚೂರು ಬೆರೆಸಿರುತ್ತಾರೆ. ಮಫಲ್ ಫರ್ನೇಸ್, ಅಂದರೆ ಬಿಸಿಯ ಮಟ್ಟವನ್ನು ನಿಗದಿಪಡಿಸಬಹುದಾದ ವಿದ್ಯುತ್ ಕುಲುಮೆ. ಇದು ಹೆಚ್ಚಿನ ಡಿಗ್ರಿ ಕಾಲೇಜುಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇರುತ್ತದೆ. 0.01 ಗ್ರಾಂವರೆಗೆ ತೂಗುವ ತಕ್ಕಡಿ, ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಎಂದು ತೋರಿಸುವ ಪಿಎಚ್ ಪೇಪರ್ (ಪಿಎಚ್ 7 ಎಂದರೆ ಎರಡೂ ಅಲ್ಲ, ಅದಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ), ಸೋಸುವ ಕಾಗದ, ನೀರು ಕಾಯಿಸಲು ಸ್ಟೀಲ್ ಪಾತ್ರೆ, ಥರ್ಮಾಮೀಟರ್. ಬಟ್ಟಿ ಇಳಿಸಿದ ನೀರು ಐದು ಲೀಟರ್. ಕಣ್ಣಿಗೆ ಪೂರ್ತಿ ಮುಚ್ಚುವ ಗಾಗಲ್ಸ್, ನೈಟ್ರೈಲ್ ಕೈಗವಸು, ತುಂಬು ತೋಳಿನ ಹತ್ತಿ ಕೋಟು.

ಇನ್ನು ಬಾಟಲಿ. ಇದರಲ್ಲೇ ಹೆಚ್ಚಿನವರು ಎಡವುವುದು. ಅಡಿಯಲ್ಲಿ ತ್ರಿಕೋನದೊಳಗೆ 5 ಎಂದು ಬರೆದ ಪಾಲಿಪ್ರೊಪಿಲೀನ್ ಬಾಟಲಿಯೇ ಬೇಕು. 1 ಎಂದು ಬರೆದ ನೀರಿನ ಬಾಟಲಿ ಬಿಸಿ ಕಾಸ್ಟಿಕ್‌ನಲ್ಲಿ ತಾನೇ ಕರಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಅಂಥದೇ ಒಂದು ಬಾಟಲಿ ಎರಡು ಗಂಟೆಯಲ್ಲಿ ಬಳುಕಿ ಮುದುಡಿಕೊಂಡಿತ್ತು. ಅದೃಷ್ಟಕ್ಕೆ ಪಾತ್ರೆಯೊಳಗೇ ಸೋರಿತು. ಗಾಜಿನ ಮೇಲ್ಮೈಯನ್ನೂ ಕಾಸ್ಟಿಕ್ ತಿನ್ನುತ್ತದೆ, ಆ ಸಿಲಿಕಾ ನಿಮ್ಮ ಲೆಕ್ಕ ಕೆಡಿಸುತ್ತದೆ. ಅಲ್ಯೂಮಿನಿಯಂ ಪಾತ್ರೆ, ಚಮಚ ಹತ್ತಿರಕ್ಕೂ ತರಬೇಡಿ. ಕಾಸ್ಟಿಕ್ ತಾಗಿದರೆ ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಅನಿಲ ಏಳುತ್ತದೆ.

ಹಂತ 1: ಮಣ್ಣನ್ನು ತೊಳೆದು ತೆಗೆಯುವುದು

ಮಣ್ಣನ್ನು ಬಕೆಟ್ಟಿನಲ್ಲಿ ಒಂದು ರಾತ್ರಿ ನೆನೆಹಾಕಿ. ಬೆಳಗ್ಗೆ ಕೈಯಾಡಿಸಿ ಹೆಂಟೆಯೆಲ್ಲ ಕರಗಿಸಿ, ಬೇರು ಕಲ್ಲು ತೆಗೆದು ತೆಳು ಬಟ್ಟೆಯಲ್ಲಿ ಸೋಸಿ. ಈಗ ಹಾಲಿನಂಥ ನೀರು ಸಿಕ್ಕಿತು. ಅದನ್ನು ಚೆನ್ನಾಗಿ ಕದಡಿ 5 ನಿಮಿಷ ಅಲುಗಾಡಿಸದೆ ಇಡಿ. ಮರಳು ಮತ್ತು ಒರಟು ಕಣಗಳು ಅಷ್ಟರಲ್ಲಿ ಮೇಲಿನ 10 ಸೆಂಟಿಮೀಟರ್ ದಾಟಿ ಕೆಳಗಿಳಿದಿರುತ್ತವೆ. ಮೇಲಿನ ಆ 10 ಸೆಂಟಿಮೀಟರ್ ನೀರನ್ನು ಮಾತ್ರ ಮೆಲ್ಲಗೆ ಬೇರೆ ಬಕೆಟ್ಟಿಗೆ ಬಗ್ಗಿಸಿಕೊಳ್ಳಿ. ತಳದ ಮಡ್ಡಿಗೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಹೀಗೇ ಮಾಡಿ.

ಇನ್ನೂ ಶುದ್ಧ ಬೇಕೆನ್ನುವವರು 5 ನಿಮಿಷದ ಬದಲು 8 ಗಂಟೆ ಬಿಡಬೇಕು. ಆಗ ಮೇಲಿನ 10 ಸೆಂಟಿಮೀಟರ್‌ನಲ್ಲಿ ಉಳಿಯುವುದು ಸುಮಾರು 2 ಮೈಕ್ರಾನ್‌ಗಿಂತ ಸಣ್ಣ ಕಣ ಮಾತ್ರ, ಅಂದರೆ ಬಹುತೇಕ ಅಪ್ಪಟ ಜೇಡಿ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಹಂತ ಬಿಟ್ಟರೆ ಏನಾಗುತ್ತದೆ? ಮರಳಿನ ಸ್ಫಟಿಕ ಕಾಸ್ಟಿಕ್‌ಗೆ ಅಷ್ಟು ಸುಲಭದಲ್ಲಿ ಬಗ್ಗುವುದಿಲ್ಲ, ಕೊನೆಯವರೆಗೂ ಮರಳಾಗಿಯೇ ಉಳಿಯುತ್ತದೆ, ನಿಮ್ಮ ಪುಡಿಯ ಅರ್ಧ ತೂಕ ವ್ಯರ್ಥವಾಗುತ್ತದೆ.

ಬಗ್ಗಿಸಿದ ನೀರು ತಿಳಿಯಾಗಲು ಒಂದೆರಡು ದಿನ ಬೇಕು. ತಿಳಿಯಾಗದೆ ಹಾಗೇ ನಿಂತರೆ ಒಂದು ಚಮಚ ವಿನೆಗರ್ ಹಾಕಿ, ಕಣಗಳು ಒಂದಕ್ಕೊಂದು ಅಂಟಿ ಇಳಿಯುತ್ತವೆ. ಮೇಲಿನ ತಿಳಿ ಚೆಲ್ಲಿ, ಕೆಳಗಿನ ಗಟ್ಟಿಯನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗೆ ಒಣಗಿಸಿ, ಆಮೇಲೆ ಓವನ್‌ನಲ್ಲಿ 105 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ಕುಟ್ಟಾಣಿಯಲ್ಲಿ ಪುಡಿಮಾಡಿ. ಇಲ್ಲಿ ಹೇಳುವ ಬಿಸಿಯ ಡಿಗ್ರಿಗಳೆಲ್ಲ ಸೆಲ್ಸಿಯಸ್.

ಹಂತ 2: ಸುಡುವುದು

ಕೇಯೋಲಿನೈಟ್ ತುಂಬ ಗಟ್ಟಿಯಾಗಿ ಜೋಡಿಸಿಕೊಂಡ ಖನಿಜ. ಸುಡದೆ ನೇರ ಕಾಸ್ಟಿಕ್‌ಗೆ ಹಾಕಿದರೆ ಹೆಚ್ಚಾಗಿ ಸಿಗುವುದು ಸೋಡಲೈಟ್ ಎಂಬ ಬೇರೆ ಹರಳು. ಅದರ ಕಿಂಡಿ ಬಹಳ ಇಕ್ಕಟ್ಟು, ನಮ್ಮ ಕೆಲಸಕ್ಕೆ ಬಾರದು. ಅದಕ್ಕೇ ಮೊದಲು ಮಣ್ಣನ್ನು ಸುಟ್ಟು, ಅದರ ರಚನೆಯೊಳಗೆ ಸೇರಿಕೊಂಡ ನೀರನ್ನು ಓಡಿಸಿ, ಜೋಡಣೆ ಸಡಿಲಿಸಬೇಕು. ಹೀಗೆ ಸಡಿಲಗೊಂಡದ್ದಕ್ಕೆ ಮೆಟಾಕೇಯೋಲಿನ್ ಎನ್ನುತ್ತಾರೆ.

ಪಿಂಗಾಣಿ ಬಟ್ಟಲಲ್ಲಿ ಒಣಪುಡಿಯನ್ನು ತೆಳುವಾಗಿ ಹರಡಿ 20 ಗ್ರಾಂ ತೂಗಿಕೊಳ್ಳಿ. ಕುಲುಮೆಯನ್ನು 650ರಿಂದ 700 ಡಿಗ್ರಿಗೆ ಇಟ್ಟು ಎರಡು ಗಂಟೆ ಸುಡಿ, ಒಳಗೇ ತಣಿಯಲು ಬಿಡಿ. ಈಗ ತೂಗಿ. ಅಪ್ಪಟ ಕೇಯೋಲಿನೈಟ್ ನೂರಕ್ಕೆ ಸುಮಾರು 14 ಪಾಲು ತೂಕ ಕಳೆದುಕೊಳ್ಳುತ್ತದೆ, ಅಂದರೆ 20 ಗ್ರಾಂ ಇದ್ದದ್ದು 17.2 ಆಗಬೇಕು. ನಿಮ್ಮದು 17.8 ಎಂದು ಬಂದರೆ ಗಾಬರಿ ಬೇಡ, ಸ್ವಲ್ಪ ಮರಳು ಉಳಿದಿರಬಹುದು. ಇನ್ನರ್ಧ ಗಂಟೆ ಸುಟ್ಟು ಮತ್ತೆ ತೂಗಿ. ತೂಕ ಬದಲಾಗದಿದ್ದರೆ ಸುಡುವುದು ಮುಗಿದಂತೆ. ಬದಲಾದರೆ ಇನ್ನೂ ಸುಡಬೇಕು. ಅಂದಹಾಗೆ, ಬಿಳಿ ಮಣ್ಣು ಸುಟ್ಟಮೇಲೆ ತಿಳಿಗುಲಾಬಿಗೆ ತಿರುಗಿದರೆ ಅದು ಅಡಗಿದ್ದ ಕಬ್ಬಿಣದ ಬಣ್ಣ, ತೊಂದರೆಯಿಲ್ಲ.

ಎಚ್ಚರ: 900 ಡಿಗ್ರಿ ದಾಟಿಸಬೇಡಿ. ಸುಮಾರು 980ರ ಹೊತ್ತಿಗೆ ಮೆಟಾಕೇಯೋಲಿನ್ ಮತ್ತೆ ಗಟ್ಟಿ ಖನಿಜಗಳಾಗಿ ಜೋಡಿಸಿಕೊಳ್ಳುತ್ತದೆ, ಅದನ್ನು ಮತ್ತೆ ಸಡಿಲಿಸಲು ಬರುವುದಿಲ್ಲ. ಕುಂಬಾರರ ಆವೆಯಲ್ಲಿ ಸುಡಬಾರದೇ ಎಂದರೆ, ಸುಡಬಹುದು. ಆದರೆ ಆವೆಯ ನಡುವಿನ ಬಿಸಿ ಒಂದು, ಅಂಚಿನ ಬಿಸಿ ಇನ್ನೊಂದು. ಪ್ರತಿ ಬಟ್ಟಲನ್ನೂ ಬೇರೆ ಬೇರೆ ತೂಗಿ ನೋಡಬೇಕಾಗುತ್ತದೆ.

ಹಂತ 3: ಕಾಸ್ಟಿಕ್ ದ್ರಾವಣ

12 ಗ್ರಾಂ ಕಾಸ್ಟಿಕ್ ಸೋಡಾ, ಒಟ್ಟು 100 ಮಿ.ಲೀ. ದ್ರಾವಣ. ಪಾಲಿಪ್ರೊಪಿಲೀನ್ ಬೀಕರಿನಲ್ಲಿ 80 ಮಿ.ಲೀ. ತಣ್ಣೀರು ತೆಗೆದುಕೊಳ್ಳಿ, ಬೀಕರನ್ನು ತಣ್ಣೀರಿನ ಬೋಗುಣಿಯಲ್ಲಿಡಿ. ಕಾಸ್ಟಿಕ್ಕನ್ನು ಸ್ವಲ್ಪಸ್ವಲ್ಪವೇ ನೀರಿಗೆ ಹಾಕುತ್ತಾ ಪ್ಲಾಸ್ಟಿಕ್ ಕಡ್ಡಿಯಲ್ಲಿ ತಿರುಗಿಸಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಸುರಿದರೆ ಅದು ಸಿಡಿದು ಮುಖಕ್ಕೇ ಬರುತ್ತದೆ. ದ್ರಾವಣ ತಾನೇ ಬಿಸಿಯಾಗುತ್ತದೆ. ತಣಿದ ಮೇಲೆ 100 ಮಿ.ಲೀ.ಗೆ ತುಂಬಿಸಿ. ಕಾಸ್ಟಿಕ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿಬಿಡಿ. ಅದು ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎರಡನ್ನೂ ಹೀರುತ್ತದೆ, ಆಮೇಲೆ ತೂಗಿದ 12 ಗ್ರಾಂ ನಿಜಕ್ಕೂ 12 ಆಗಿರುವುದಿಲ್ಲ.

ಚರ್ಮಕ್ಕೆ ಬಿದ್ದರೆ ಜಾರಿದಂತೆ ಅನಿಸುತ್ತದೆ, ಉರಿ ಆಮೇಲೆ ಬರುತ್ತದೆ. ಉರಿಗೆ ಕಾಯದೆ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಅಗಲಿಸಿ ಹಿಡಿದು ಕನಿಷ್ಠ 20 ನಿಮಿಷ ನಲ್ಲಿ ನೀರು ಹರಿಸಿ, ನೇರ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ವಿನೆಗರ್, ನಿಂಬೆರಸ ಹಾಕುವ ಕೆಲಸ ಮಾತ್ರ ಮಾಡಬೇಡಿ.

ಹಂತ 4: ನೆನೆಸಿಡುವುದು

10 ಗ್ರಾಂ ಮೆಟಾಕೇಯೋಲಿನ್‌ಗೆ ಈ 100 ಮಿ.ಲೀ. ದ್ರಾವಣ. ಬಾಟಲಿಗೆ ಹಾಕಿ, ಗಂಟಿಲ್ಲದಂತೆ ಕಲಸಿ, ನೀರು ಮಜ್ಜಿಗೆಯ ಹದಕ್ಕೆ ಬರುತ್ತದೆ. ಮುಚ್ಚಿ ಕೋಣೆಯ ಬಿಸಿಯಲ್ಲೇ ಒಂದು ದಿನ ಇಡಿ, ನಡುನಡುವೆ ಕುಲುಕಿ. ಏನೂ ಆಗುತ್ತಿಲ್ಲ ಅನಿಸುತ್ತದೆ, ಆದರೆ ಒಳಗೆ ಅಲ್ಯೂಮಿನಿಯಂ, ಸಿಲಿಕಾನ್ ನಿಧಾನಕ್ಕೆ ಕರಗಿ ಹರಳಿನ ಮೊಳಕೆಗಳು ಮೂಡುತ್ತಿರುತ್ತವೆ. ಅವಸರದಲ್ಲಿ ಈ ದಿನವನ್ನು ಹಾರಿಸಬೇಡಿ.

ಹಂತ 5: ಕಾಯಿಸುವುದು

ಬಾಟಲಿಯ ಕಾಲು ಭಾಗ ಖಾಲಿ ಇರಲಿ. ಮುಚ್ಚಳವನ್ನು ಪೂರ್ತಿ ಬಿಗಿಯದೆ ಒಂದೆಳೆ ಸಡಿಲ ಬಿಟ್ಟು, ಸ್ಟೀಲ್ ಪಾತ್ರೆಯ ಬಿಸಿನೀರಿನಲ್ಲಿ ನಿಲ್ಲಿಸಿ. ನೀರು 90ರಿಂದ 95 ಡಿಗ್ರಿಯಲ್ಲಿ ಆರು ಗಂಟೆ ಇರಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಹಾಗಾಗಿ ಅಲ್ಲಿನವರಿಗೆ ಮೆಲ್ಲಗೆ ಕುದಿಯುವ ಮಟ್ಟ ಸಾಕು. ಪ್ರೆಶರ್ ಕುಕ್ಕರ್ ಬೇಡ, ಯಾವ ಕಾರಣಕ್ಕೂ ಬೇಡ. ಬಿಸಿ ಕಾಸ್ಟಿಕ್ ಒತ್ತಡದಲ್ಲಿ ಚಿಮ್ಮಿದರೆ ಆಗುವ ಗಾಯ ಸಣ್ಣದಲ್ಲ.

ಈ ಆರು ಗಂಟೆ ಕಲಕಬೇಡಿ. ಮೂರನೇ ಗಂಟೆಯ ಸುಮಾರಿಗೆ ಬಾಟಲಿಯನ್ನು ಬೆಳಕಿಗೆ ಎದುರಾಗಿ ನೋಡಿ. ಅಲ್ಲಿಯವರೆಗೆ ಇಡೀ ಬಾಟಲಿ ಮಬ್ಬಾಗಿದ್ದದ್ದು ಎರಡಾಗುತ್ತಾ ಬರುತ್ತದೆ: ಕೆಳಗೆ ಬಿಳಿಯ ಒತ್ತಾದ ಪದರ, ಮೇಲೆ ಕನ್ನಡಿಯಂಥ ತಿಳಿ. ಒತ್ತಾದ ಹರಳು ಕಟ್ಟಿತೆಂಬುದರ ಮೊದಲ ಸೂಚನೆ ಇದು. ಇನ್ನೂ ಹೆಚ್ಚು ಕಾಯಿಸಿದರೆ ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಹೊತ್ತು ಮೀರಿದರೆ, ಅಥವಾ ಕಾಸ್ಟಿಕ್ ಹೆಚ್ಚಾದರೆ, ಜಿಯೋಲೈಟ್-ಎ ಕರಗಿ ಆ ಇಕ್ಕಟ್ಟಿನ ಸೋಡಲೈಟ್ ಆಗುತ್ತದೆ. ಆಗುವುದಾದರೆ ಮೂರು ಸಣ್ಣ ಬಾಟಲಿ ಇಟ್ಟು 3, 6, 12 ಗಂಟೆಗೆ ಒಂದೊಂದು ತೆಗೆಯಿರಿ. ನಿಮ್ಮ ಮಣ್ಣಿಗೆ ಯಾವುದು ಸರಿ ಎಂದು ಅದೇ ಹೇಳುತ್ತದೆ.

ಹಂತ 6: ತೊಳೆಯುವುದು, ಒಣಗಿಸುವುದು

ತಣಿದ ಮೇಲೆ ಮೇಲಿನ ತಿಳಿಯನ್ನು ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿ, ಹೆಸರು ಬರೆದಿಡಿ. ಅದರಲ್ಲಿ ಬಳಕೆಯಾಗದ ಕಾಸ್ಟಿಕ್ ಬಹಳಷ್ಟಿದೆ, ಮುಂದಿನ ಬ್ಯಾಚಿಗೆ ಆಗುತ್ತದೆ. ಪುಡಿಗೆ ಬಟ್ಟಿ ಇಳಿಸಿದ ನೀರು ಹಾಕಿ ಕದಡಿ, ಇಳಿಯಲು ಬಿಟ್ಟು, ತಿಳಿ ಚೆಲ್ಲಿ. ಐದಾರು ಸಲ ಹೀಗೆ. ತೊಳೆದ ನೀರಿನ ಪಿಎಚ್ 9ರಿಂದ 10ಕ್ಕೆ ಬಂದಾಗ ನಿಲ್ಲಿಸಿ. ಪಿಎಚ್ 7ಕ್ಕೆ ಬರಲೇಬೇಕೆಂದು ಹಟ ಹಿಡಿದು ತೊಳೆಯುತ್ತಲೇ ಹೋದರೆ ಗೂಡಿನೊಳಗಿನ ಸೋಡಿಯಮ್ಮೇ ಹೊರಬರಲು ಶುರುವಾಗುತ್ತದೆ. ಬೇಗ ಮುಗಿಸಲೆಂದು ವಿನೆಗರ್ ಹಾಕುವುದಂತೂ ಕೂಡದು. ಪಿಎಚ್ 4ರ ಆಸುಪಾಸಿಗೆ ಇಳಿದರೆ ಈ ಹರಳು ಮುರಿದು ಅಲ್ಯೂಮಿನಿಯಂ ನೀರಿಗೆ ಬಿಡುತ್ತದೆ.

80ರಿಂದ 100 ಡಿಗ್ರಿಯಲ್ಲಿ ಒಣಗಿಸಿ. ಲೆಕ್ಕದ ಪ್ರಕಾರ 10 ಗ್ರಾಂ ಮೆಟಾಕೇಯೋಲಿನ್‌ಗೆ ಸುಮಾರು 16 ಗ್ರಾಂ ಜಿಯೋಲೈಟ್ ಬರಬೇಕು, ಸೋಡಿಯಂ ಮತ್ತು ನೀರು ಸೇರಿ ತೂಕ ಏರುತ್ತದೆ. ತೊಳೆಯುವಾಗ ಒಂದಿಷ್ಟು ಹೋಗುತ್ತದೆ. ಆದರೆ 10 ಗ್ರಾಂಗೆ 10ಕ್ಕಿಂತಲೂ ಕಡಿಮೆ ಬಂದರೆ ತೊಳೆಯುವಾಗ ಪುಡಿಯೇ ಚೆಲ್ಲಿಹೋಗಿದೆಯೇ ಎಂದು ಮೊದಲು ನೋಡಿ.

ಹಂತ 7: ಜಿಯೋಲೈಟ್ ಆಯಿತೇ?

ಸುಲಭದ ಪರೀಕ್ಷೆ ಸಾಬೂನಿನದು. ಗಡಸು ಬೋರ್‌ವೆಲ್ ನೀರು 100 ಮಿ.ಲೀ.ಗೆ 1 ಗ್ರಾಂ ಪುಡಿ ಹಾಕಿ ಕಾಲು ಗಂಟೆ ಕುಲುಕಿ, ಇಳಿಯಲು ಬಿಟ್ಟು ಸೋಸಿ. ಇನ್ನೊಂದು ಬಾಟಲಿಯಲ್ಲಿ ಅದೇ ನೀರಿಗೆ 1 ಗ್ರಾಂ ಸುಡದ ಮಣ್ಣು ಹಾಕಿ ಹೀಗೇ ಮಾಡಿ. ಎರಡಕ್ಕೂ ಸಮನಾಗಿ ಸಾಬೂನು ನೀರು ಬಿಟ್ಟು ಕುಲುಕಿ. ಮಣ್ಣಿನ ಬಾಟಲಿಯಲ್ಲಿ ಮೊಸರೊಡೆದಂತೆ ಕೊಳೆ ತೇಲುತ್ತದೆ. ಜಿಯೋಲೈಟ್ ಬಾಟಲಿಯಲ್ಲಿ ನೊರೆ ಉಕ್ಕಿ ನಿಲ್ಲುತ್ತದೆ, ಏಕೆಂದರೆ ಗಡಸುತನ ತರುವ ಕ್ಯಾಲ್ಸಿಯಂ ಗೂಡಿನೊಳಗೆ ಹೋಗಿದೆ. ನೆನಪಿಡಿ, ಇದಕ್ಕೆ ಸಾಬೂನೇ ಬೇಕು, ಡಿಟರ್ಜೆಂಟ್ ಅಲ್ಲ. ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಕೊಡುತ್ತದೆ.

ಪಕ್ಕಾ ಸಾಕ್ಷಿ ಬೇಕೆಂದರೆ ಎಕ್ಸ್-ರೇ ಡಿಫ್ರಾಕ್ಷನ್ ಮಾಡಿಸಬೇಕು. ಇದು ಹರಳಿನ ಜೋಡಣೆಯನ್ನು ಗುರುತಿಸುವ ಪರೀಕ್ಷೆ, ವಿಶ್ವವಿದ್ಯಾಲಯಗಳಲ್ಲಿ ಮಾಡಿಕೊಡುತ್ತಾರೆ. ತಾಮ್ರದ ಎಕ್ಸ್-ರೇ ಬಳಸಿದಾಗ ಜಿಯೋಲೈಟ್-ಎಗೆ 7.2, 10.2, 12.5, 24.0, 27.1, 29.9 ಡಿಗ್ರಿ ಕೋನಗಳ ಬಳಿ ಶಿಖರಗಳು ಬರುತ್ತವೆ. 26.6ರಲ್ಲಿ ಎದ್ದು ಕಂಡರೆ ಅದು ಉಳಿದ ಮರಳು. 14ರ ಬಳಿ ಹೊಸ ಶಿಖರ ಕಂಡರೆ ಸೋಡಲೈಟ್ ಶುರುವಾಗಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸಿಕ್ಕಿದರೆ ನೋಡುವ ಅವಕಾಶ ಬಿಡಬೇಡಿ. ಗುಡ್ಡದಿಂದ ತಂದ ಮಣ್ಣು ಒಂದೆರಡು ಮೈಕ್ರಾನ್‌ನ ಪುಟ್ಟ ಪುಟ್ಟ ಘನಗಳಾಗಿ, ಸಕ್ಕರೆ ಅಚ್ಚುಗಳಂತೆ ಕೂತಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದೇ ಖುಷಿ.

ಹಂತ 8: ತಾಮ್ರ ಹಿಡಿಯುತ್ತದೆಯೇ?

ಸೀಸ, ಕ್ಯಾಡ್ಮಿಯಂಗಳ ಲವಣ ವಿಷ, ಅವುಗಳಿಂದ ಶುರುಮಾಡಬೇಡಿ. ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತ ಇದೆಯಲ್ಲ, ಅದೇ ತಾಮ್ರದ ಸಲ್ಫೇಟ್. 2 ಗ್ರಾಂ ಮೈಲುತುತ್ತವನ್ನು 1 ಲೀಟರ್ ಬಟ್ಟಿ ಇಳಿಸಿದ ನೀರಿಗೆ ಹಾಕಿದರೆ ಲೀಟರಿಗೆ ಸುಮಾರು 500 ಮಿಲಿಗ್ರಾಂ ತಾಮ್ರ. ಅದರಲ್ಲಿ 100 ಮಿ.ಲೀ. ತೆಗೆದುಕೊಂಡು 1 ಗ್ರಾಂ ಜಿಯೋಲೈಟ್ ಹಾಕಿ ಒಂದು ಗಂಟೆ ಕುಲುಕಿ, ಸೋಸಿ. ತಿಳಿಗೆ ಕೆಲವು ಹನಿ ಅಮೋನಿಯಾ ಬಿಟ್ಟರೆ ಉಳಿದ ತಾಮ್ರವೆಲ್ಲ ಗಾಢ ನೀಲಿಯಾಗಿ ತೋರುತ್ತದೆ. ಬಣ್ಣ ಎಷ್ಟು ಕಡಿಮೆಯೋ ಅಷ್ಟು ತಾಮ್ರ ಹೋಗಿದೆ.

ಆದರೆ ಎಲ್ಲಿಗೆ ಹೋಯಿತು? ಹೆಚ್ಚಿನ ಪ್ರಾಜೆಕ್ಟುಗಳು ತಪ್ಪುವುದು ಇಲ್ಲೇ. ಜಿಯೋಲೈಟ್ ಪುಡಿ ಕ್ಷಾರೀಯ. ಅದನ್ನು ಹಾಕಿದಾಗ ನೀರಿನ ಪಿಎಚ್ ಏರುತ್ತದೆ. ಇಷ್ಟು ತಾಮ್ರವಿರುವ ನೀರಿನಲ್ಲಿ ಪಿಎಚ್ 5.5 ದಾಟುತ್ತಿದ್ದಂತೆ ತಾಮ್ರ ತಾನೇ ಗಟ್ಟಿಯಾಗಿ ತಳಕ್ಕಿಳಿಯುತ್ತದೆ. ಜಿಯೋಲೈಟ್ ಏನೂ ಮಾಡದಿದ್ದರೂ ನೀರಿನ ಬಣ್ಣ ಹೋಗುತ್ತದೆ! "ನೂರಕ್ಕೆ 99 ಭಾಗ ತಾಮ್ರ ತೆಗೆದೆವು" ಎಂದು ವರದಿ ಬರೆದವರಲ್ಲಿ ಎಷ್ಟೋ ಮಂದಿ ಮಾಡಿದ್ದು ಸುಣ್ಣದ ನೀರು ಹಾಕಿದರೂ ಆಗುವ ಕೆಲಸ.

ಇದನ್ನು ಬಿಡಿಸಲು ಹೀಗೆ ಮಾಡಿ. ಒಂದನೇ ಬಾಟಲಿಯಲ್ಲಿ ತಾಮ್ರದ ನೀರು ಮತ್ತು ಜಿಯೋಲೈಟ್. ಕುಲುಕುವಾಗ ನಡುನಡುವೆ ಪಿಎಚ್ ನೋಡುತ್ತಾ, ತುಂಬ ತೆಳುವಾದ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು 5ರ ಆಸುಪಾಸು ಇರಿಸಿ, 4.5ಕ್ಕಿಂತ ಕೆಳಗಿಳಿಸಬೇಡಿ. ಎರಡನೇ ಬಾಟಲಿಯಲ್ಲಿ ಜಿಯೋಲೈಟ್ ಇಲ್ಲ, ತಾಮ್ರದ ನೀರು ಮಾತ್ರ. ಅದಕ್ಕೆ ತೆಳು ಕಾಸ್ಟಿಕ್ ಹನಿಸಿ ಒಂದನೇ ಬಾಟಲಿಯ ಕೊನೆಯ ಪಿಎಚ್‌ಗೇ ತನ್ನಿ. ಮೂರನೆಯದರಲ್ಲಿ 1 ಗ್ರಾಂ ಸುಡದ ಮಣ್ಣು, ಪಿಎಚ್ ಅದೇ. ಮೂರನ್ನೂ ಸೋಸಿ ಅಳೆಯಿರಿ. ಎರಡನೆಯದರಲ್ಲಿ ಕಳೆದುಹೋದದ್ದು ಪಿಎಚ್‌ನಿಂದ ಆದದ್ದು, ಮೂರನೆಯದರಲ್ಲಿ ಅದಕ್ಕಿಂತ ಹೆಚ್ಚಾಗಿ ಹೋದದ್ದು ಮಣ್ಣಿನದು. ಒಂದನೆಯದರಲ್ಲಿ ಇವೆರಡಕ್ಕಿಂತ ಹೆಚ್ಚಾಗಿ ಎಷ್ಟು ಹೋಗಿದೆಯೋ ಅದು ಮಾತ್ರ ನಿಮ್ಮ ಜಿಯೋಲೈಟ್‌ನ ಗಳಿಕೆ. ಅಂಕಿ ಚಿಕ್ಕದಾದರೂ ಅದೇ ನಿಜವಾದ ಅಂಕಿ, ವರದಿಯಲ್ಲಿ ಅದನ್ನೇ ಬರೆಯಿರಿ.

ಒಂದು ಮೇಲ್ಮಿತಿಯೂ ಗೊತ್ತಿರಲಿ. ಸೂತ್ರದ ಲೆಕ್ಕದಲ್ಲಿ 1 ಗ್ರಾಂ ಜಿಯೋಲೈಟ್-ಎ ಹೆಚ್ಚೆಂದರೆ ಸುಮಾರು 174 ಮಿಲಿಗ್ರಾಂ ತಾಮ್ರ ಹಿಡಿಯಬಲ್ಲದು. ನಿಮಗೆ ಗ್ರಾಮಿಗೆ 300 ಮಿಲಿಗ್ರಾಂ ಎಂದು ಬಂದರೆ ಸಂಭ್ರಮಪಡಬೇಡಿ, ಎಲ್ಲೋ ತಾಮ್ರ ತಳಕ್ಕಿಳಿದಿದೆ.

ನಿಜವಾದ ನೀರಿಗೆ ಬಂದಾಗ

ಬಟ್ಟಿ ಇಳಿಸಿದ ನೀರಿನಲ್ಲಿ ಕಂಡ ಫಲಿತಾಂಶ ಕೆರೆ ನೀರಿನಲ್ಲಿ ಹಾಗೇ ಬರುವುದಿಲ್ಲ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ಬೋರ್‌ವೆಲ್ ನೀರನ್ನು ತೆಗೆದುಕೊಳ್ಳಿ, ನಮ್ಮಲ್ಲಿ ಅದು ಅಪರೂಪವಲ್ಲ. ಆ ಒಂದು ಲೀಟರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿದರೆ 1 ಗ್ರಾಂ ಜಿಯೋಲೈಟ್‌ನ ಎಲ್ಲ ಜಾಗಕ್ಕಿಂತಲೂ ಹೆಚ್ಚು. ಸೀಸ ಅವುಗಳನ್ನು ಎಬ್ಬಿಸಿ ಜಾಗ ಮಾಡಿಕೊಳ್ಳುತ್ತದೆ ನಿಜ, ಸತು ನಿಕ್ಕಲ್‌ಗಳಿಗೆ ಅದು ಅಷ್ಟು ಸಲೀಸಲ್ಲ. ಹಾಗಾಗಿ ವೃಷಭಾವತಿಯಂಥ ನದಿಯ ನೀರು ತಂದು ಪರೀಕ್ಷಿಸುವವರು ಮೊದಲು ಗಡಸುತನ ಅಳೆದು ಬರೆದುಕೊಳ್ಳಿ. ಇಲ್ಲದಿದ್ದರೆ ಫಲಿತಾಂಶ ಯಾಕೆ ಬಿತ್ತು ಎಂದೇ ತಿಳಿಯುವುದಿಲ್ಲ.

ಈ ಪುಡಿಯನ್ನು ಪೈಪಿಗೆ ತುಂಬಿ ನೀರು ಹರಿಸಲು ಹೋದರೆ ಹಿಟ್ಟಿನಂತೆ ಕಚ್ಚಿಕೊಂಡು ಹನಿಯೂ ಇಳಿಯುವುದಿಲ್ಲ. ನೀರಿಗೆ ಹಾಕಿ, ಕುಲುಕಿ, ಇಳಿಸಿ, ಸೋಸುವುದೇ ಈ ಮಟ್ಟದಲ್ಲಿ ಸರಿಯಾದ ದಾರಿ.

ಕುಡಿಯಬೇಡಿ ಎಂದು ಮೊದಲೇ ಹೇಳಿದೆನಲ್ಲ, ಅದಕ್ಕೆ ಕಾರಣ ಇಷ್ಟು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ ಸೀಸಕ್ಕೆ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂಗೆ 0.003. ಇದನ್ನು ಬಣ್ಣ ನೋಡಿ ತಿಳಿಯಲಾಗದು, ಪಟ್ಟಿ ಅದ್ದಿ ನಂಬುವುದೂ ಸಲ್ಲದು, ಒಳ್ಳೆಯ ಪ್ರಯೋಗಾಲಯದ ಉಪಕರಣವೇ ಬೇಕು. ಮೇಲಾಗಿ ಕಾಗದದಲ್ಲೂ ನುಸುಳುವ ಸೂಕ್ಷ್ಮ ಪುಡಿ, ಏರಿದ ಪಿಎಚ್, ಸೇರಿದ ಸೋಡಿಯಂ, ಮಣ್ಣಿನಲ್ಲೇ ಇದ್ದಿರಬಹುದಾದ ಇತರ ಲೋಹಗಳು, ಇವೆಲ್ಲ ಆ ನೀರಿನಲ್ಲಿರುತ್ತವೆ. ರೋಗಾಣುಗಳಂತೂ ಇದ್ದಲ್ಲೇ ಇರುತ್ತವೆ.

ಕೊನೆಗೆ ಉಳಿಯುವ ತ್ಯಾಜ್ಯ

ತಾಮ್ರ ಹಿಡಿದ ಪುಡಿಯನ್ನು ತೋಟಕ್ಕೆ, ಚರಂಡಿಗೆ ಎಸೆಯಬೇಡಿ. ಆಮ್ಲವೋ ಉಪ್ಪುನೀರೋ ತಾಗಿದರೆ ಹಿಡಿದದ್ದನ್ನು ಮತ್ತೆ ಬಿಟ್ಟುಬಿಡುತ್ತದೆ, ಮೀನಿಗೆ ತಾಮ್ರ ವಿಷ. ನೂರಕ್ಕೆ ಹತ್ತು ಪಾಲು ಉಪ್ಪಿನ ನೀರಿನಲ್ಲಿ ನೆನೆಸಿ ಪುಡಿಯನ್ನು ಮತ್ತೆ ಬಳಸಬಹುದು ಎಂದು ಓದಿರುತ್ತೀರಿ. ನಿಜ, ಆದರೆ ಆಗ ಲೋಹವೆಲ್ಲ ಆ ಉಪ್ಪುನೀರಿಗೆ ಬಂದಿರುತ್ತದೆ, ಅದನ್ನೆಲ್ಲಿ ಚೆಲ್ಲುತ್ತೀರಿ? ಕಾಲೇಜು ಪ್ರಯೋಗದ ಮಟ್ಟದಲ್ಲಿ ಒಮ್ಮೆ ಬಳಸಿ ನಿಲ್ಲಿಸುವುದೇ ಸರಿ. ಕೆಲವೇ ಗ್ರಾಂ ತಾಮ್ರದ ಪುಡಿಯಾದರೆ ಸಿಮೆಂಟ್ ಗಾರೆಯಲ್ಲಿ ಕಲಸಿ ಗಟ್ಟಿ ಮಾಡಿ, ಹೆಸರು ಬರೆದು ಲ್ಯಾಬಿನಲ್ಲೇ ಇಡಿ. ಸೀಸ, ಕ್ಯಾಡ್ಮಿಯಂ ಹಿಡಿದದ್ದಾದರೆ ಅದು ಅಪಾಯಕಾರಿ ತ್ಯಾಜ್ಯ, ಅನುಮತಿ ಪಡೆದ ಸಂಗ್ರಾಹಕರಿಗೆ ಕಾಲೇಜಿನ ಮೂಲಕವೇ ಹೋಗಬೇಕು. ಬಳಸಿ ಮುಗಿದ ಕಾಸ್ಟಿಕ್ ನೀರನ್ನು ತುಂಬ ತೆಳು ಮಾಡಿ, ತೆಳು ಆಮ್ಲವನ್ನು ನಿಧಾನವಾಗಿ ಸೇರಿಸುತ್ತಾ ಪಿಎಚ್ 7ರಿಂದ 8ಕ್ಕೆ ತಂದಮೇಲೆ ಮಾತ್ರ ಸಿಂಕಿಗೆ ಬಿಡಿ. ಹಾಗೆ ತರುವಾಗ ಲೋಳೆಯಂಥ ಬಿಳಿ ಗಷ್ಟು ಕಂಡರೆ ಹೆದರಬೇಡಿ, ಅದು ಉಳಿದಿದ್ದ ಸಿಲಿಕಾ ಮತ್ತು ಅಲ್ಯೂಮಿನಾ. ಸೋಸಿ ಒಣಗಿಸಿ ಕಸಕ್ಕೆ ಹಾಕಬಹುದು.